ಕಲ್ಲಿನ ಪಾದದಲ್ಲಿ ಬರಿಗಾಲು

ಪಟ್ಟದ ದಿನ ಬೆಳಗ್ಗೆ ರಾಜರ ಗುಡ್ಡದ ಹಿಂದೆ ಮುದುಕ ಓಡ್ರಾನ್ ಸತ್ತು ಬಿದ್ದಿದ್ದ. ತಲೆ ಒಡೆದಿತ್ತು. ಮುಷ್ಟಿಯಲ್ಲಿ ಯಾರದೋ ಹೊದಿಕೆಯ ಬೆಳ್ಳಿ ಪಿನ್ನು.

ಐರ್ಲೆಂಡಿನಲ್ಲಿ ಕೂಗಳತೆಗೊಬ್ಬ ರಾಜ. ಆದರೆ ನಮ್ಮ ರಾಜರ ವಂಶಾವಳಿಯನ್ನು, ಕಡಲು ದಾಟಿ ಬಂದ ಮೊದಲ ದೊರೆಯವರೆಗೆ, ಗುಡ್ಡದ ಮೇಲೆ ನಿಂತು ಹೇಳುತ್ತಿದ್ದವನು ಓಡ್ರಾನ್ ಒಬ್ಬನೇ. ಅಂಥವನನ್ನು ಕೊಂದಿದ್ದಾರೆ. ಈ ಸೀಮೆಗೆ ನ್ಯಾಯ ಹೇಳುವವಳು ನಾನು, ಬ್ರೋನಾಖ್. ನನಗೆ ಮೈಯೆಲ್ಲ ಉರಿದುಹೋಯಿತು.

“ಪಿನ್ನು ಐಲಿಲ್‌ದು, ಅಜ್ಜಿ,” ಅಂದಳು ಓಡ್ರಾನನ ಮಗಳು ಮೂರೆನ್. “ಇವತ್ತು ರಾಜ ಆಗ್ಬೇಕಿದ್ದೋನು. ಹುಟ್ಟುಗೋಲಿಲ್ಲದ ದೋಣೀಲಿ ಕೂರಿಸಿ ಕಡಲಿಗೆ ತಳ್ಳಿ ಅವನ್ನ.”

ನಮ್ಮಲ್ಲಿ ಕೊಲೆಗೆ ಅದೇ ಶಿಕ್ಷೆ. ಸಂಜೆಯೊಳಗೆ ಆಗಬೇಕು.

“ಪಿನ್ನು ನಂದೇ,” ಅಂದ ಐಲಿಲ್. ಮುಖ ಬಿಳಿಚಿತ್ತು. “ನಿನ್ನೆ ಔತಣದಲ್ಲಿ ಕಳೆದೋಯ್ತು.”

“ಪಾಪ, ಏನೂ ಅರಿಯದ ಕೂಸು,” ಎಂದು ನಕ್ಕ ಅವನ ದೂರದ ದಾಯಾದಿ ದೂನ್ಗಲ್. ಐಲಿಲ್ ಇಲ್ಲದಿದ್ದರೆ ಪಟ್ಟ ತನ್ನದು ಎನ್ನುವವನು.

*

ಹೆಣದ ಪಕ್ಕದಲ್ಲಿ ಓಡ್ರಾನನ ಊರುಗೋಲು ಬಿದ್ದಿತ್ತು. ಜಾರುವ ನೆಲಕ್ಕೆಂದು ಅದರ ತುದಿಗೆ ಮೂರು ಅಲಗಿನ ಕಬ್ಬಿಣದ ಮೊಳೆ. ಮೊಳೆಗೆ ರಕ್ತ. ಮುದುಕನಿಗೆ ಗಾಯವಿದ್ದದ್ದು ತಲೆಗೆ ಮಾತ್ರ, ಅದೂ ಕಲ್ಲಿನೇಟು. ಅಂದರೆ ನೆಲಕ್ಕೆ ಬಿದ್ದವನು ಸಾಯುವ ಮುಂಚೆ ಕೊಂದವನ ಕಾಲಿಗೆ ಚುಚ್ಚಿದ್ದಾನೆ. ಊರುಗೋಲನ್ನು ಯಾರಿಗೂ ಕಾಣದಂತೆ ಶಾಲಿನಲ್ಲಿ ಸುತ್ತಿಕೊಂಡೆ.

ಐಲಿಲ್ ಪಟ್ಟಕ್ಕೆಂದು ಬರಿಗಾಲಲ್ಲೇ ನಿಂತಿದ್ದ. ಕೆರೆದ ಗುರುತೂ ಇಲ್ಲ. ಕುರಿ ಕಾಯುವ ಲೋಕಾನ್ ಕುಂಟುತ್ತ ಬಂದ. ಹಿಡಿದು ಕೂರಿಸಿ ಕಾಲು ನೋಡಿದೆ.

“ಕುರು ಅಜ್ಜಿ, ಮುಟ್ಬೇಡಿ,” ಎಂದು ಬೈದ. ಕುರುವೇ. ನನ್ನ ಮೂಗಿಗೂ ಶಿಕ್ಷೆಯಾಯಿತು.

ಉಳಿದವನು ದೂನ್ಗಲ್, ದೊಡ್ಡ ಮನೆತನದವನು. ಬರೀ ಅನುಮಾನಕ್ಕೆ ಅವನ ಬೂಟು ಕಳಚಿಸುವ ಹಕ್ಕು ನನಗಿಲ್ಲ. ಪಟ್ಟದ ಕಲ್ಲಿಗೆ ಇತ್ತು.

*

“ಐಲಿಲ್‌ನ ಕಟ್ಟಿ ಹಾಕಿ. ಪಟ್ಟ ನಿಲ್ಲಬಾರದು,” ಅಂದೆ. “ದೂನ್ಗಲ್, ಹತ್ತಪ್ಪ.”

ಗುಡ್ಡದ ನೆತ್ತಿಯ ಕಲ್ಲಿನಲ್ಲಿ ಕೊರೆದ ಒಂದು ಪಾದವಿದೆ. ರಾಜನಾಗುವವನು ಅದರಲ್ಲಿ ಬಲಗಾಲಿಡಬೇಕು. ದೂನ್ಗಲ್ ನೆಟ್ಟಗೇ ನಡೆದು ಬಂದ. ಹಣೆಯಲ್ಲಿ ಮಾತ್ರ ಬೆವರು.

“ಬೂಟು ತೆಗಿ.”

“ಕಲ್ಲು ಚಳಿಗೆ ಕೊರೀತಿದೆ. ಹೀಗೇ ನಿಲ್ತೀನಿ ಬಿಡಿ.”

“ಹಿಂದಿನ ರಾಜರೆಲ್ಲ ಬರಿಗಾಲಲ್ಲೇ ನಿಂತೋರು. ನಿಂದೇನು ಬೆಣ್ಣೆ ಕಾಲಾ?”

ಜನ ನಕ್ಕರು. ಅವನು ಹಿಂದೆ ಸರಿದ. ಸುತ್ತ ನಿಂತವರಲ್ಲಿ ಇಬ್ಬರು ಹಿಡಿದು ಬೂಟು ಎಳೆದರು. ಒಳಗಿನ ಬಟ್ಟೆಯೆಲ್ಲ ಕೆಂಪು. ಒಂದು ಬೆರಳು ಜೋತಾಡುತ್ತಿತ್ತು, ಪಾದದಲ್ಲಿ ಮೂರು ಮೂಲೆಯ ತೂತು.

“ಕಟ್ಟಿಗೆ ಒಡೀವಾಗ ಕೊಡಲಿ ಬಿತ್ತು,” ಅಂದ.

“ಕೊಡಲಿಗೆ ಮೂರು ಅಲಗಾ?” ಊರುಗೋಲನ್ನು ತೂತಿನ ಪಕ್ಕ ಹಿಡಿದೆ. ಅಳತೆ ತೆಗೆದ ಹಾಗೆ ಹೊಂದಿತು. “ಬೇರೆ ಯಾರೇ ಆಗಿದ್ರೂ ಬೊಬ್ಬೆ ಹೊಡ್ಕೊಂಡು ಪರಿಹಾರ ಕೇಳೋಕೆ ನನ್ನ ಹತ್ರ ಬರ್ತಿದ್ದ. ನೀನು ಮುಚ್ಚಿಟ್ಟೆ. ಯಾಕಂದ್ರೆ ಮೈಯಲ್ಲಿ ಊನ ಇದ್ದೋನು ಆಳೋ ಹಾಗಿಲ್ಲ. ಅದೂ ಅಲ್ದೆ ರಾಜ ಆಗೋನ ಅಪ್ಪ, ಅಜ್ಜ, ಮುತ್ತಜ್ಜರಲ್ಲಿ ಒಬ್ಬನಾದ್ರೂ ಆಳಿರ್ಬೇಕು, ನಿನ್ನ ಸಾಲಲ್ಲಿ ಯಾರೂ ಆಳಿದ್ದು ನಾನು ಕಂಡಿಲ್ಲ. ಓಡ್ರಾನ್ ಗುಡ್ಡದ ಮೇಲೆ ನಿನ್ನ ವಂಶಾವಳಿ ಹೇಳಿದ್ರೆ ಅದು ಎಲ್ಲರ ಮುಂದೆ ಬಯಲಾಗ್ತಿತ್ತು. ಅವನ್ನ ಕೊಂದೆ, ಔತಣದಲ್ಲಿ ಕದ್ದ ಪಿನ್ನನ್ನ ಕೈಗಿಟ್ಟೆ. ಎರಡು ಕಂಟಕಾನೂ ಒಟ್ಟಿಗೇ ಕಳ್ಕೊಳ್ಳೋಣ ಅಂತ.”

“ಈಗ ಹೇಳೋರು ಯಾರು?” ದೂನ್ಗಲ್ ಹಲ್ಲು ಕಡಿದ. “ವಂಶಾವಳಿ ಹೇಳೋರಿಲ್ದೆ ಐಲಿಲ್‌ಗೂ ಪಟ್ಟ ಇಲ್ಲ.”

“ನಾನಿದೀನಿ,” ಅಂದಳು ಮೂರೆನ್.

ಹೆಣ್ಣು ಆ ಗುಡ್ಡದಲ್ಲಿ ಎಂದೂ ಹೇಳಿರಲಿಲ್ಲ. ಬೇಡವೆನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ. ಅವಳೇ ಐಲಿಲ್‌ನ ಕಟ್ಟು ಬಿಚ್ಚಿದಳು. “ತಪ್ಪಾಯ್ತು ಅಣ್ಣಾ,” ಅಂದಳು. ಅದೇ ಹಗ್ಗದಲ್ಲಿ ದೂನ್ಗಲ್‌ನನ್ನು ಕಟ್ಟಿದರು, ಸಂಜೆಯ ದೋಣಿಗೆ. ಐಲಿಲ್ ಕಲ್ಲಿನ ಪಾದದಲ್ಲಿ ಕಾಲಿಟ್ಟ. ಅವಳು ಶುರುಮಾಡಿದಳು. ಅಪ್ಪ, ಅಜ್ಜ, ಮುತ್ತಜ್ಜ, ತೋಳ ಸಾಕಿದ ದೊರೆ, ಸಮುದ್ರದ ಹೆಣ್ಣನ್ನು ಮದುವೆಯಾದ ದೊರೆ, ಮೊದಲ ಹಡಗಿನಿಂದಿಳಿದವನು. ಒಂದು ಹೆಸರೂ ತಪ್ಪಲಿಲ್ಲ. ಗುಡ್ಡವೇ ಕೂಗಿತು.

ಅವಳು ನಿಲ್ಲಿಸಲಿಲ್ಲ. “ಇದನ್ನ ಹೇಳಿದೋನು ಓಡ್ರಾನ್. ಅವನ ಅಪ್ಪ ಫೈಲಾನ್, ಫೈಲಾನನ ಅಪ್ಪ...” ಹೇಳುವವರ ವಂಶವನ್ನು ಅಲ್ಲಿ ಯಾರೂ ಎಂದೂ ಕೇಳಿರಲಿಲ್ಲ. ಹೊಸ ರಾಜ ತಲೆಬಾಗಿ, ಕೊನೆಯ ಹೆಸರು ಮುಗಿಯುವವರೆಗೆ ನಿಂತೇ ಇದ್ದ.