ಒಣ ಉಸಿರು

ತಲೆದಿಂಬಿನ ಪಕ್ಕದಲ್ಲಿ 'ಟಿಕ್' ಎಂದಿತು. ರಾತ್ರಿ ಎರಡೂವರೆ. ಡಾ. ತೇಜಸ್ವಿನಿ ಎಚ್ಚರವಾಗಿಯೇ ಇದ್ದಳು. ಉಸಿರುಗಾವಲು ಎಂಬ ಆ ಯಂತ್ರವನ್ನು ರೂಪಿಸಿದವಳೇ ಅವಳು. ಆ ಸದ್ದಿನ ಅರ್ಥವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಅಂಗೈಯಗಲದ ಆ ಯಂತ್ರ ಮಲಗಿದವರ ಉಸಿರನ್ನು ಮೂಸಿ, ಜ್ವರ ಕಾಣಿಸುವ ನಾಲ್ಕು ದಿನ ಮೊದಲೇ ಸೋಂಕನ್ನು ಹಿಡಿದು, ಕೆಂಪಾಗಿ 'ಟಿಕ್' ಎನ್ನುತ್ತಿತ್ತು. ಎಲ್ಲೆಡೆ ಹಬ್ಬಿದ್ದ ಈ ಪಿಡುಗು ಮೈಯೊಳಗಿದ್ದಾಗ ಅರಿವಳಿಕೆ ಕೊಟ್ಟು ಕೊಯ್ದರೆ ಶ್ವಾಸಕೋಶ ಸೋಲುತ್ತಿತ್ತು. ಮೊದಲ ವರ್ಷ ಹಾಗೆ ಬಹಳ ಮಂದಿ ಸತ್ತಿದ್ದರು. ಅದಕ್ಕೇ, ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗೆ ಕಾದವರು ಏಳು ದಿನ ಒಂಟಿಯಾಗಿದ್ದು, ದಿನವೂ ಯಂತ್ರದ ವರದಿ ಕಳಿಸಬೇಕಿತ್ತು. ಕಳಿಸುವ ಗುಂಡಿ ರೋಗಿಯ ಕೈಯಲ್ಲೇ ಇರಲೆಂದು ಹಟ ಹಿಡಿದವಳೂ ತೇಜಸ್ವಿನಿಯೇ.

ಈಗ ಅವಳದೇ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಎರಡು ಸಲ ದಿನಾಂಕ ತಪ್ಪಿತ್ತು. ಆರು ದಿನಗಳಿಂದ, ಯಾರೋ ಬಾಗಿಲಲ್ಲಿ ಊಟವಿಟ್ಟು ಹೋಗುವ ಹೆಜ್ಜೆಸದ್ದು ಬಿಟ್ಟರೆ ಮನುಷ್ಯರ ಸುಳಿವಿರಲಿಲ್ಲ.

ಕೋಲೂರಿ ಎದ್ದು ಯಂತ್ರವನ್ನು ತೆರೆದ ಕಿಟಕಿಯಲ್ಲಿಟ್ಟಳು. ಹೊರಗಿನ ಗಾಳಿ ತಾಗಿ ಅದು ಹಸಿರಾಯಿತು. ಸೋಂಕು ಸೊನ್ನೆ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು, ಆ ಹಸಿರನ್ನೇ ನೋಡುತ್ತ ಬಹಳ ಹೊತ್ತು ಕೂತಳು. ಆಮೇಲೆ ಕೆಳಗಿನ ಅಂಕಿ ಕಂಡಿತು. ತೇವ ತೀರ ಕಡಿಮೆ. ಮನುಷ್ಯರ ಉಸಿರು ಇಷ್ಟು ಒಣಗಿರುವುದಿಲ್ಲ.

ಇದೇ ಅಂಕಿ ಅವಳು ನಿನ್ನೆ ನೋಡಿದ ರೋಗಿಗಳ ವರದಿಪಟ್ಟಿಯಲ್ಲೂ ಇತ್ತು, ಬೆಟಗೇರಿಯಲ್ಲಿ ಸೀರೆ ನೇಯುವ ಭಾಗ್ಯಶ್ರೀಯ ಹೆಸರಿನೆದುರು. ಯಂತ್ರದ ದೋಷವೆಂದು ತೇಜಸ್ವಿನಿ ಬರೆದು ಬಿಟ್ಟಿದ್ದಳು. ಮಂಡಿ ಮಡಚಲಾಗದೆ ಮಗ್ಗ ಬಿಟ್ಟಿದ್ದ ಆಕೆ, ಕಳೆದ ಸಲ ದಿನಾಂಕ ಮುಂದೂಡಿದಾಗ, "ನಿಮ್ಮ ಕಾಲಾಗಿದ್ರ ಗೊತ್ತಾಗ್ತಿತ್ರೀ ಅಕ್ಕಾರ" ಎಂದಿದ್ದಳು. ಅವಳ ಶಸ್ತ್ರಚಿಕಿತ್ಸೆ ಇವತ್ತು ಬೆಳಿಗ್ಗೆ ಎಂಟಕ್ಕೆ.

ತೇಜಸ್ವಿನಿ ಹಸಿರನ್ನು ಅಳಿಸಿ, ಯಂತ್ರಕ್ಕೆ ಉಸಿರೂದಿ, ಬಂದ ಕೆಂಪನ್ನು ಕಳಿಸಿದಳು. ಆಮೇಲೆ ಫೋನ್ ಮಾಡಿದಳು.

"ಭಾಗ್ಯಾ, ಕಿಟಕಿ ಮುಚ್ಚಿ ಇನ್ನೊಂದ್ಸಲ ಉಸಿರು ಬಿಡು."



"ಮತ್ತ ಮುಂದಕ್ಕ ಹೋದ್ರ ನಾ ಏನ್ ಮಾಡ್ಲಿರೀ?"

"ಜೀವಂತ ಇರ್ತೀ. ನಂದೂ ಮುಂದಕ್ಕ ಹೋಗೇದ."

"ಹಂಗಾರ ಇಬ್ಬರೂ ಕುಂಟೂಣ ಬಿಡ್ರಿ."

ಕಿಟಕಿ ಮುಚ್ಚಿದ ಸದ್ದು. ಸ್ವಲ್ಪ ಹೊತ್ತಿಗೆ, ಫೋನಿನಾಚೆ, 'ಟಿಕ್'.

"ಅಲ್ರೀ ಅಕ್ಕಾರ, ಕಿಟಕಿ ಸಂಗ್ತಿ ನಿಮಗ ಹ್ಯಾಂಗ ಗೊತ್ತಾತು?"

"ಯಂತ್ರ ಹೇಳ್ತು."

ಯಂತ್ರಗಳಿಲ್ಲದ ಕಾಲದಲ್ಲಿ, ಶಸ್ತ್ರಚಿಕಿತ್ಸೆಗೆ ಮೊದಲು, ಆಸ್ಪತ್ರೆಯ ಕಾಗದವೊಂದು ಜ್ವರ, ಕೆಮ್ಮು ಇದೆಯೇ ಎಂದು ಕೇಳುತ್ತಿತ್ತು. ಅಮ್ಮ ಸೆರಗಿನಲ್ಲಿ ಕೆಮ್ಮಿಕೊಳ್ಳುತ್ತಲೇ 'ಇಲ್ಲ' ಎಂದು ಬರೆದದ್ದನ್ನು ಪುಟ್ಟ ತೇಜಸ್ವಿನಿ ನೋಡಿದ್ದಳು. ಆ ಒಂದು ಪದವನ್ನು ಇಲ್ಲವಾಗಿಸಲೆಂದೇ ಇಪ್ಪತ್ತು ವರ್ಷ ದುಡಿದಿದ್ದಳು.

ಕಿಟಕಿಯ ಬಳಿ ಕೂತ ಆ ಹೊತ್ತಿನ ಬಗ್ಗೆ ಯಾರಿಗೂ ಹೇಳಬಾರದೆಂದು ಅವಳು ನಿರ್ಧರಿಸಿದಳು.