ನಕ್ಷೆಯಲ್ಲಿ ಬಿಟ್ಟುಹೋದ ದೇಶ

"ಚಪ್ಪಲಿ ಹೊರಗೆ ಬಿಡಿ. ನೀವು ಜಪಾನ್ ತುಳಿದಿದ್ದೀರಿ."

ಫ್ರೆಂಚ್ ಕ್ಲಾಸಿನ ಬಾಗಿಲಲ್ಲೇ ನರ್ಸಮ್ಮ ಗಕ್ಕನೆ ನಿಂತಳು. ಕೆಳಗೆ ನೋಡಿದರೆ... ಅಬ್ಬಾ! ಗೋಡೆಯಿಂದ ಗೋಡೆಗೆ ಇಡೀ ಜಗತ್ತು, ಬರೀ ಸೀಮೆಸುಣ್ಣದಲ್ಲಿ.

ಮೊಣಕಾಲಿಗೆಲ್ಲ ಸುಣ್ಣ ಮೆತ್ತಿಕೊಂಡು ಎದ್ದು ನಿಂತವನೇ ಮೇಷ್ಟ್ರು. ಹಿಂದಿನ ಬೆಂಚಿನವರ ಬಾಯಲ್ಲಿ ಅವನ ಹೆಸರು 'ಗ್ಲೋಬು'.

"ಇಲ್ಲಿ ಒಂದೇ ನಿಯಮ. ಎಲ್ಲಿ ನಿಂತಿದ್ದೀರಿ ಅಂತ ಫ್ರೆಂಚಿನಲ್ಲಿ ಸರಿಯಾಗಿ ಹೇಳೋವರೆಗೂ ಕದಲೋ ಹಾಗಿಲ್ಲ."

ಫ್ರೆಂಚಿನಲ್ಲಿ 'ಇಂಥಲ್ಲಿ' ಅನ್ನಲು ಊರಿಗೆ 'ಆ', ಹೆಣ್ಣು ದೇಶಕ್ಕೆ 'ಆಂ', ಗಂಡು ದೇಶಕ್ಕೆ 'ಓ'. ದೇಶದಲ್ಲೂ ಹೆಣ್ಣು ಗಂಡೇ? ಅವಳು ಬೆರಗಾದಳು. ಆದರೆ ನಾಲಿಗೆ ಹೊರಳಬೇಕಲ್ಲ! ಉಳಿದವರೆಲ್ಲ ಫ್ರಾನ್ಸ್ ದಾಟಿ ಮನೆ ಸೇರಿದರೂ ಇವಳು ಜಪಾನಿನಲ್ಲೇ ಬಾಕಿ.

"ಆಂ ಜಪೋಂ..."

"ಅದು ಗಂಡು ದೇಶ. ಇನ್ನೊಮ್ಮೆ."

ಅವನ ಮುಖದಲ್ಲಿ ಒಂದು ನಗುವಿಲ್ಲ. 'ನನ್ನ ಕಂಡ್ರೇ ಇವರಿಗೆ ಆಗಲ್ಲ' ಅಂದುಕೊಂಡಳು. ಹಾಗೆ ಅಂದುಕೊಂಡಷ್ಟೂ ಮನಸ್ಸು ಅತ್ತಲೇ ಎಳೆಯುತ್ತಿತ್ತು.

ಪರೀಕ್ಷೆ ಪಾಸಾಯಿತು. ಕೆನಡಾದಲ್ಲಿ ಫ್ರೆಂಚ್ ಮಾತಾಡುವ ಕಡೆಯ ಆಸ್ಪತ್ರೆಯಲ್ಲಿ ಕೆಲಸವೂ ಸಿಕ್ಕಿತು. ಓಡಿ ಬಂದು ಹೇಳಿದರೆ ಅವನು "ಒಳ್ಳೇದಾಯ್ತು" ಎಂದು ಬೋರ್ಡು ಒರೆಸತೊಡಗಿದ. ಅವಳು ಕಣ್ಣೀರು ನುಂಗಿಕೊಂಡು ಮನೆಗೆ ಹೋದಳು.

ಹೊರಡುವ ದಿನ ಅಪ್ಪನಿಗೆ ಹೇಳಿ ಕಾರನ್ನು ಕ್ಲಾಸಿನ ಮುಂದೆ ನಿಲ್ಲಿಸಿದಳು. ಹೇಳದೆ ಹೋಗಲು ಆಗಲಿಲ್ಲ.

ವಾರಕ್ಕೊಮ್ಮೆ ನೆಲ ತೊಳೆದು ನಕ್ಷೆಯನ್ನು ಹೊಸದಾಗಿ ಬರೆಯುವುದು ಮೇಷ್ಟ್ರ ಪದ್ಧತಿ. ಇವತ್ತೂ ಸಾಸಿವೆಯಷ್ಟು ದ್ವೀಪವನ್ನೂ ಬಿಟ್ಟಿರಲಿಲ್ಲ. ಮೇಲೆ ಎಡಕ್ಕೆ ಮಾತ್ರ ಬರೀ ನೆಲ.

"ಸರ್... ಕೆನಡಾ ಎಲ್ಲಿ?"

ಅವನು ತಲೆ ಎತ್ತಲಿಲ್ಲ. "ಬರೆಯೋಕೆ ಕೈ ಬರಲಿಲ್ಲ."

ಅವಳು ಆ ಖಾಲಿ ನೆಲವನ್ನೇ ನೋಡಿದಳು. ಅಷ್ಟು ದೊಡ್ಡ ದೇಶ... ನನಗೋಸ್ಕರ?

"ಮತ್ತೆ ನನ್ನೊಬ್ಬಳನ್ನೇ ಅಷ್ಟು ಹೊತ್ತು ನಿಲ್ಲಿಸ್ತಿದ್ದಿದ್ದು?"

"ತಿದ್ದುವಷ್ಟು ಹೊತ್ತು ನೀವು ಇಲ್ಲೇ ಇರ್ತಿದ್ರಿ. ಬಾಯಿಬಿಟ್ಟು ಹೇಳೋಕೆ ಹೆದರಿಕೆ."

ಅವಳು ಅವನ ಕೈಯಿಂದ ಸೀಮೆಸುಣ್ಣ ಕಸಿದುಕೊಂಡಳು. ಕಣ್ಣೊರೆಸಿಕೊಳ್ಳುತ್ತಲೇ ಒಂದು ಸೊಟ್ಟ ಕೆನಡಾ ಬರೆದು, ಅದರೊಳಗೆ ನಿಂತು ಕೈ ಚಾಚಿದಳು.

"ಬನ್ನಿ. ಇಬ್ಬರಿಗೂ ಜಾಗ ಇದೆ."

ಅವನು ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತ.

"ನಿಯಮ ಮರೆತ್ರಾ ಸರ್? ಎಲ್ಲಿದ್ದೀರಿ ಹೇಳಿ."

"ನಿಮ್ಮ ಜೊತೆ."

"ಫ್ರೆಂಚಿನಲ್ಲಿ..."

ಜಗತ್ತಿನ ಊರುಗಳೆಲ್ಲ ಬಾಯಿಪಾಠವಿದ್ದವನು ತಲೆ ಕೆರೆದುಕೊಂಡ. ಹೊರಗೆ ಅಪ್ಪ ಹಾರ್ನ್ ಒತ್ತಿದರು.

"ನಿಮ್ಮಪ್ಪನ ಹತ್ರ ನಮ್ಮ ಭಾಷೇಲೇ ಹೇಳ್ತೀನಿ" ಎಂದ ಅವನು. "ಕಾರಲ್ಲಿ ನಂಗೂ ಜಾಗ ಇದೆಯಾ?"

ಅವಳು ಅವನ ಸುಣ್ಣದ ಕೈಯನ್ನು ಬಿಗಿಯಾಗಿ ಹಿಡಿದಳು.

"ಇದೆ. ಚಪ್ಪಲಿ ಹಾಕ್ಕೊಂಡು ಬನ್ನಿ."