ಎಲ್ಲಿ ಮೇಷ್ಟ್ರ ಎರಡು ಕರೆ

ಶಿಖರದ ಮೇಲಿನ ಮಳೆಮಾಪಕ ಒಂಬತ್ತು ದಿನದಿಂದ ಬಾಯಿ ಮುಚ್ಚಿಕೊಂಡಿತ್ತು. ಅದು ಲೆಕ್ಕ ಕಳಿಸಿದರೆ ಮಾತ್ರ ಕೆಳಗಿನ ಮೂರು ಊರುಗಳಿಗೆ ಪ್ರವಾಹದ ಎಚ್ಚರಿಕೆ. ಮಳೆ ಹಿಡಿಯುವ ಮುಂಚೆ ಹತ್ತಿ ದುರಸ್ತಿ ಮಾಡಿ ಇಳಿಯಬೇಕಿತ್ತು. ಹೊರಟವರು ಮೂವರು: ಯಂತ್ರ ರಿಪೇರಿಯ ಭಾವ, ಆ ಬೆಟ್ಟವನ್ನೆಲ್ಲ ಅಳೆದು ನಿವೃತ್ತಳಾಗಿದ್ದ ಸರ್ವೆಯಮ್ಮ, ಬ್ಯಾಟರಿ ಹೊರಲು ಭಾವನ ಹೆಂಡತಿಯ ತಮ್ಮ.

ಈ ತಮ್ಮ ತುರ್ತು ಕರೆಗಳ ಕೊಠಡಿಯಲ್ಲಿ ಹನ್ನೊಂದು ವರ್ಷದಿಂದ ಫೋನ್ ಎತ್ತುವವನು. ಅಲ್ಲಿ ಅವನಿಗೆ 'ಎಲ್ಲಿ ಮೇಷ್ಟ್ರು' ಎಂದೇ ಹೆಸರು. ಏನಾಯಿತು ಎನ್ನುವುದು ಆಮೇಲೆ, ಜಾಗ ಮೊದಲು, ಅದನ್ನೂ ಎರಡು ಸಲ ಕೇಳಬೇಕು ಎಂದು ಹೊಸಬರ ತಲೆ ತಿನ್ನುತ್ತಿದ್ದ. ಫೋನ್ ನಡುವೆ ಸತ್ತರೂ ಜಾಗ ಗೊತ್ತಿದ್ದರೆ ಗಾಡಿ ಹೊರಡುತ್ತದೆ.

ಹತ್ತುವುದು ಸಲೀಸಾಗಿಯೇ ಆಯಿತು. ಶಿಖರದಲ್ಲಿ ಗಾಳಿ ಟೋಪಿ ಕೀಳುತ್ತಿತ್ತು. ಒಂದು ಕಡೆ ಹುಲ್ಲಿನ ಇಳಿಜಾರು, ಅದರ ನಡುವೆ ಕಾಲುದಾರಿ ಮತ್ತು ಎರಡು ಕಲ್ಲುಮನೆ. ಇನ್ನೊಂದು ಕಡೆ ಕಡಿದಾದ ಕೊರಕಲು, ತಳದಲ್ಲಿ ಒಣಗಿದ ತೊರೆ. ಭಾವ ಎರಡು ತಾಸು ತಿಣುಕಿ ಮಾಪಕಕ್ಕೆ ಜೀವ ತಂದ.

"ಕೊರಕಲಲ್ಲಿ ಇಳಿದ್ರೆ ಒಂದು ಗಂಟೆ ಉಳಿಯುತ್ತೆ, ಭಾವ. ನನಗೆ ಡ್ಯೂಟಿ ಇದೆ," ಎಂದ ಮೇಷ್ಟ್ರು.

"ಅದನ್ನ ಮುಚ್ಚಿದಾರಲ್ಲಪ್ಪ," ಎಂದಳು ಸರ್ವೆಯಮ್ಮ.

"ಮುಚ್ಚಿ ಅಂತ ನೋಟಿಸ್ ಹೊರಡಿಸಿದ್ದೇ ನಮ್ಮ ಆಫೀಸು. ಏನಾಗಲ್ಲ ಬನ್ನಿ."

ಬೇಲಿಯೇ ಎದ್ದು ಹೊಲ ಮೇಯಿತು. 'ದಾರಿ ಮುಚ್ಚಿದೆ' ಎಂಬ ಹಳದಿ ಫಲಕ ದಾಟಿ ಮುನ್ನೂರು ಹೆಜ್ಜೆ ಇಳಿದಿದ್ದರು, ಕಲ್ಲು ಜಾರಿತು. ಭಾವ ಉರುಳಿದ. ಮೊಣಕಾಲಿನ ಕೆಳಗೆ ಎಲುಬು ಮುರಿದು ರಕ್ತ ಚಿಮ್ಮಿತು.

ಸರ್ವೆಯಮ್ಮ ಬಟ್ಟೆ ಒತ್ತಿ ಹಿಡಿದಳು. "ನಾನು ಕೈ ಬಿಡಲ್ಲ. ನೀನು ಹತ್ತಿ ಫೋನ್ ಮಾಡು."

ಮೇಷ್ಟ್ರು ತೆವಳುತ್ತ ಸಿಗ್ನಲ್ ಸಿಗುವ ಬಂಡೆಗೆ ಏರಿದ. ಫೋನ್ ಎತ್ತಿದ್ದು ಅವನೇ ಕಲಿಸಿದ ಹುಡುಗಿ.

"ಎಲ್ಲಿದ್ದೀರಿ ಸಾರ್?"

ಮುಚ್ಚಿದ ಕೊರಕಲು ಎಂದರೆ ಕರೆ ದಾಖಲಾಗುತ್ತದೆ, ಮಾನ ಹೋಗುತ್ತದೆ, ಕೆಲಸವೂ ಹೋಗಬಹುದು. "ಎರಡನೇ ಕಲ್ಲುಮನೆ ಹತ್ರ," ಎಂದ. ಅವರು ಅಲ್ಲಿಗೆ ಬಂದ ಮೇಲೆ ಕೂಗಿ ಕರೆದರಾಯಿತು ಎಂದುಕೊಂಡ. ಅವಳು ಗಾಯದ ವಿವರ ಬರೆದುಕೊಂಡು ತಂಡ ಕಳಿಸಿದಳು. ಅವನು ಕೆಳಗೆ ಓಡಿದ.

ಬಹಳ ಹೊತ್ತಾದ ಮೇಲೆ ಗುಡ್ಡದ ಆಚೆಯಿಂದ ಸೀಟಿ ಕೇಳಿಸಿತು. ಇವನು ಗಂಟಲು ಹರಿಯುವಂತೆ ಕೂಗಿದ. ಗಾಳಿ ಅದನ್ನು ಹಿಂದಕ್ಕೇ ತಂದಿತು. ಸೀಟಿ ದೂರವಾಯಿತು.

ಭಾವನ ತುಟಿ ಬೆಳ್ಳಗಾಗಿತ್ತು. ಸರ್ವೆಯಮ್ಮನ ಕೈಯಲ್ಲಿ ಮೂರನೇ ಬಟ್ಟೆಯೂ ತೊಯ್ದಿತ್ತು. "ಅವರ್ಯಾಕೆ ಆ ಕಡೆ ಹುಡುಕ್ತಿದಾರೆ?" ಎಂದು ಕೇಳಿದಳು.

ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಮತ್ತೆ ಹತ್ತಿದ. ಮಂಡಿ ತರಚಿಹೋಯಿತು. ಫೋನಿನಲ್ಲಿ ನಾಲ್ಕು ಪರ್ಸೆಂಟ್ ಚಾರ್ಜ್ ಇತ್ತು.

"ಸಾರ್, ಕಲ್ಲುಮನೆ ಹತ್ರ ನೀವು ಸಿಗ್ತಿಲ್ವಂತೆ."

"ನಾನು ಅಲ್ಲಿಲ್ಲಮ್ಮ. ಸುಳ್ಳು ಹೇಳ್ದೆ."

"ನಾನು ಎರಡನೇ ಸಲ ಕೇಳ್ಲೇ ಇಲ್ಲ ಸಾರ್. ಹೇಳ್ತಿರೋದು ನೀವು ಅಂತ."

"ತಪ್ಪು ನಂದು. ಈಗ ಕೇಳು."

"ಎಲ್ಲಿದ್ದೀರಿ?"

"ಮುಚ್ಚಿದ ಕೊರಕಲು. ಹಳದಿ ಫಲಕದಿಂದ ಮುನ್ನೂರು ಹೆಜ್ಜೆ ಕೆಳಗೆ. ಒಣಗಿದ ತೊರೆಯ ಎಡಗಡೆ."

"ಇನ್ನೊಂದ್ಸಲ ಹೇಳಿ."

ಹೇಳಿದ. "ಕಲ್ಲು ಜಾರುತ್ತೆ, ಹಗ್ಗ ತರಲಿ. ಕಿತ್ತಳೆ ಕೋಟು ಬಂಡೆ ಮೇಲೆ ಹಾಸಿರ್ತೀವಿ." ಅವಳು "ಹೊರಟರು, ನೀವು ಫೋನ್ ಇಡಬೇಡಿ," ಎನ್ನುತ್ತಿದ್ದಂತೆಯೇ ಫೋನ್ ಆರಿತು.

ಇಪ್ಪತ್ತೈದು ನಿಮಿಷದಲ್ಲಿ ನಾಲ್ವರು ಹಗ್ಗ ಕಟ್ಟಿಕೊಂಡು ಇಳಿದರು. ಭಾವನನ್ನು ಸ್ಟ್ರೆಚರಿಗೆ ಬಿಗಿದು, ಅಂಗುಲ ಅಂಗುಲವಾಗಿ ಮೇಲೆಳೆದರು. ಸಂಜೆಯೊಳಗೆ ಆಸ್ಪತ್ರೆ ಮುಟ್ಟಿದರು. ಕಾಲು ಉಳಿಯಿತು. ಎರಡು ದಿನಕ್ಕೆ ಮಳೆ ಹಿಡಿಯಿತು, ಮಾಪಕ ಸರಿಯಾದ ಲೆಕ್ಕ ಕಳಿಸಿತು, ಹೊಳೆಯಂಚಿನ ಮನೆಗಳವರು ಹೊತ್ತಿಗೆ ಮುಂಚೆ ಎತ್ತರಕ್ಕೆ ಹೋದರು.

ಮೇಷ್ಟ್ರು ಆಫೀಸಿನಲ್ಲಿ ಎಲ್ಲವನ್ನೂ ಬರೆದುಕೊಟ್ಟು, ಆಸ್ಪತ್ರೆಗೆ ಬಂದು ಬಾಗಿಲಲ್ಲೇ ಅಕ್ಕನಿಗೆ ಹೇಳಿದ.

ಅಕ್ಕ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. "ನನಗ್ಯಾಕೋ ಹೇಳ್ತೀಯ? ಕಾಲು ಅವರದು. ಒಳಗೆ ಹೋಗಿ ಹೇಳು."

ಒಳಗೆ ಭಾವ ಪಕ್ಕದ ಮಂಚದವನಿಗೆ, "ಇವನಿದ್ದಿದ್ದಕ್ಕೆ ಬದುಕಿದೆ," ಎಂದು ಹೊಗಳುತ್ತಿದ್ದ. ಮೇಷ್ಟ್ರು ನಿಂತಲ್ಲೇ ಎಲ್ಲ ಹೇಳಿ ಮುಗಿಸಿದ.

"ಎಷ್ಟು ತಡವಾಯ್ತು?"

"ನಲವತ್ತು ನಿಮಿಷ, ಭಾವ."

ಭಾವ ಸೂರು ನೋಡಿದ. "ಆ ನಲವತ್ತು ನಿಮಿಷ ನನಗೆ ಚೆನ್ನಾಗಿ ನೆನಪಿದೆ ಕಣೋ," ಎಂದ. ಸ್ವಲ್ಪ ಹೊತ್ತಿನ ಮೇಲೆ, "ನಿಂತೇ ಇದೀಯಲ್ಲ, ಕೂತ್ಕೋ," ಎಂದ.